ಗೋಮಾಳವನ್ನು ನುಂಗಿ ಗೋಪೂಜೆಯೇ?

ಸಂಕ್ರಾಂತಿಯ ದಿನ ಎತ್ತಿನ ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂಮಾಲೆ ಹಾಕಿ, ಕಿಚ್ಚು ಹಾಯಿಸುವ ಸಂಭ್ರಮವು ನಮ್ಮಲ್ಲಿ ಇನ್ನೂ ಅಳಿದಿಲ್ಲ. ಆದರೆ ಮಾಲೆ ಹಾಕಿಸಿಕೊಂಡ ಆ ಎತ್ತು ಮರುದಿನ ಬೆಳಗ್ಗೆ ಎಲ್ಲಿ ಮೇಯಬೇಕೆಂದು ಎಲಹಂಕ, ಹೆಬ್ಬಾಳ, ಯಶವಂತಪುರಗಳ ಸುತ್ತಣ ಊರುಗಳಲ್ಲಿ ಕೇಳಿದರೆ ಉತ್ತರ ಹೇಳುವವರಿಲ್ಲ. ಪೂಜೆಗೆ ಬೇಕಾದದ್ದು ಒಂದು ದಿನದ ಹೂವು. ದನಕ್ಕೆ ಬೇಕಾದದ್ದು ವರ್ಷವೆಲ್ಲ ಹುಲ್ಲು. ಮೊದಲನೆಯದನ್ನು ಧಾರಾಳವಾಗಿ ಕೊಟ್ಟು ಎರಡನೆಯದನ್ನು ಕಸಿದುಕೊಂಡಿರುವ ನಾವು ಯಾವ ಮುಖದಿಂದ ಗೋಭಕ್ತರೆನಿಸಿಕೊಳ್ಳಬೇಕು?

ಹುಲ್ಲುಗಾವಲು ಬೀಳು ಭೂಮಿಯೆಂಬ ಭ್ರಾಂತಿ ನಮ್ಮ ಹಿರಿಯರಿಗೆ ಇರಲಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ದನದ ಇಲಾಖೆಯೇ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆಯಿತು. ಬೇಸಗೆಗೆ ಒಂದು ಬಗೆಯ ಕಾವಲು, ಮಳೆಗಾಲಕ್ಕೆ ಇನ್ನೊಂದು, ಚಳಿಗಾಲಕ್ಕೆ ಮತ್ತೊಂದು ಎಂದು ನೆಲವನ್ನು ವಿಂಗಡಿಸಿದ್ದರು. ಹಿಂಡು ಒಂದೆಡೆ ಮೇಯುತ್ತಿರುವಾಗ ಇನ್ನೊಂದೆಡೆ ಹುಲ್ಲು ಚಿಗುರುತ್ತಿತ್ತು. 1860ರಲ್ಲಿ ಬ್ರಿಟಿಷ್ ಅಧಿಕಾರಿಗಳು ಮಿತವ್ಯಯದ ಹೆಸರಿನಲ್ಲಿ ಹಿಂಡುಗಳನ್ನು ಮಾರಿಬಿಟ್ಟರು. ಅದರ ನಷ್ಟ ತಿಳಿದು 1866ರಲ್ಲಿ ಅವರೇ ಅದನ್ನು ಮತ್ತೆ ಕಟ್ಟಬೇಕಾಯಿತು. ಹಿಂಡನ್ನು ಮಾರಿದರೆ ಮತ್ತೆ ಕೊಳ್ಳಬಹುದು. ಕಾವಲನ್ನೇ ಮಾರಿದವನಿಗೆ ಆ ದಾರಿಯೂ ಇಲ್ಲ.

ಕಾವಲು ಅರಸರದಾದರೆ ಗೋಮಾಳವು ಊರಿನದು. ಇಪ್ಪತ್ತನೆಯ ಶತಮಾನದ ಆರಂಭದ ಎಲಹಂಕದ ಸೀಮೆಯನ್ನು ನೆನೆಯಿರಿ. ಉಳುವುದು ಎತ್ತು, ಕಪಿಲೆಯ ಬಾವಿಯಿಂದ ನೀರೆತ್ತುವುದು ಎತ್ತು, ಕಣದಲ್ಲಿ ರಾಗಿಯ ತೆನೆಯ ಮೇಲೆ ಗುಂಡು ಎಳೆಯುವುದು ಎತ್ತು, ಫಸಲನ್ನು ಪೇಟೆಗೆ ಸಾಗಿಸುವುದೂ ಎತ್ತು. ಹೊಲಕ್ಕೆ ಗೊಬ್ಬರವೂ ಕೊಟ್ಟಿಗೆಯದೇ. ಗೇಣು ಭೂಮಿಯಿಲ್ಲದ ಕೂಲಿಯವನೂ ಒಂದು ಹಸುವನ್ನೋ ನಾಲ್ಕು ಕುರಿಗಳನ್ನೋ ಕಟ್ಟಿಕೊಂಡು ಮಾನವಾಗಿ ಬಾಳಲು ಸಾಧ್ಯವಾಗಿದ್ದುದು ಗೋಮಾಳ ಮತ್ತು ಗೋಕಟ್ಟೆಗಳಿಂದ. ಅಲ್ಲಿ ಅವನಿಗೆ ಬಾಡಿಗೆಯಿಲ್ಲ, ಅಪ್ಪಣೆ ಕೇಳುವ ಹಂಗಿಲ್ಲ. ಅವನ ಪಾಲಿನ ಆಸ್ತಿಯೆಂದರೆ ಅದೊಂದೇ.

ಆ ಕಾಲದ ಸರ್ಕಾರವೂ ಇದನ್ನು ಅರಿತಿತ್ತು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವ್ಯವಸಾಯದ ಪ್ರಯೋಗಕ್ಕಾಗಿ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ದಯಪಾಲಿಸಿದರು. 1913ರಲ್ಲಿ ಅಲ್ಲಿಯೇ ವ್ಯವಸಾಯ ಶಾಲೆ ತೆರೆಯಿತು. 1925ರಲ್ಲಿ ದನಗಳ ದೊಡ್ಡರೋಗಕ್ಕೆ ಮದ್ದು ತಯಾರಿಸುವ ಮೈಸೂರು ಸೀರಂ ಸಂಸ್ಥೆ ಹುಟ್ಟಿತು. ಊರಿನ ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿದ್ದ ಆ ರೋಗವು ಭೂಮಂಡಲದಿಂದಲೇ ತೊಲಗಿತೆಂದು 2011ರಲ್ಲಿ ಸಾರಲಾಯಿತು. ರೋಗದಿಂದ ದನವನ್ನು ಉಳಿಸಿಕೊಂಡೆವು. ನಮ್ಮ ಕೈಯಿಂದ ಅದನ್ನು ಉಳಿಸುವ ಮದ್ದು ಇನ್ನೂ ಸಿಕ್ಕಿಲ್ಲ.

ಕಾನೂನಿಲ್ಲವೆಂದು ಯಾರೂ ಹೇಳುವಂತಿಲ್ಲ. 1964ರ ಭೂಕಂದಾಯ ಅಧಿನಿಯಮದ 71ನೆಯ ಪ್ರಕರಣವು ಊರ ದನಗಳ ಮೇವಿಗೆ ಭೂಮಿಯನ್ನು ಕಾಯ್ದಿರಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗಳಿಗೆ ಕೊಟ್ಟಿದೆ. 1966ರ ನಿಯಮಗಳಲ್ಲಿ 97ನೆಯದು ನೂರು ದನಗಳಿಗೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ, ಎಂದು ಪ್ರಮಾಣವನ್ನೂ ಗೊತ್ತುಮಾಡಿದೆ. ಆದರೆ ಈ ಲೆಕ್ಕದಲ್ಲಿಯೇ ಮೋಸಕ್ಕೆ ಎಡೆಯಿದೆ. ದನ ಕಡಿಮೆಯಾಯಿತೆಂದು ಗೋಮಾಳದ ಒಂದು ಭಾಗವನ್ನು ‘ಹೆಚ್ಚುವರಿ’ ಎಂದು ಬರೆದು ಬೇರೊಂದು ಕೆಲಸಕ್ಕೆ ಕೊಡುವುದು. ಮೇವು ಕಡಿಮೆಯಾಯಿತೆಂದು ರೈತನು ದನವನ್ನು ಮಾರುವುದು. ದನ ಇನ್ನೂ ಕಡಿಮೆಯಾಯಿತೆಂದು ಮತ್ತಷ್ಟು ಭೂಮಿ ಹೆಚ್ಚುವರಿಯಾಗುವುದು! ಕೊನೆಗೆ ದನವೂ ಇಲ್ಲ, ಗೋಮಾಳವೂ ಇಲ್ಲ, ಕಡತ ಮಾತ್ರ ಕ್ರಮಬದ್ಧವಾಗಿದೆ. 2011ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ, ಗ್ರಾಮಗಳ ಸಾಮೂಹಿಕ ಭೂಮಿಯ ಒತ್ತುವರಿಯನ್ನು ತೆರವು ಮಾಡಿಸಲು ಯೋಜನೆ ರಚಿಸಿರೆಂದು ಸಕಲ ರಾಜ್ಯಗಳಿಗೂ ಆಜ್ಞಾಪಿಸಿತು. ಆಜ್ಞೆಯು ಪುಸ್ತಕದಲ್ಲಿದೆ, ಬೇಲಿಯು ಗೋಮಾಳದಲ್ಲಿದೆ.

“ಟ್ರಾಕ್ಟರು ಬಂದ ಮೇಲೆ ಎತ್ತು ಏತಕ್ಕೆ? ಪಟ್ಟಣವು ಬೆಳೆಯಬೇಡವೇ?” ಎಂದು ಬುದ್ಧಿವಂತರು ಕೇಳುತ್ತಾರೆ. ಪಟ್ಟಣವು ಬೆಳೆಯಲಿ, ನಮಗೆ ಹೊಟ್ಟೆಯುರಿಯಿಲ್ಲ. ಆದರೆ ಟ್ರಾಕ್ಟರು ಸಗಣಿ ಹಾಕದು, ಹಾಲು ಕೊಡದು, ಕರು ಹಾಕದು. ಹಾಲಿಲ್ಲದೆ ಪಟ್ಟಣಿಗನ ಬೆಳಗಿನ ಕಾಫಿಯೂ ಕಾಣೆ. ಹುಲ್ಲಿನ ನೆಲವು ಮಳೆಯ ನೀರನ್ನು ಹಿಡಿದು ಕೆರೆಗಳಿಗೆ ಬಿಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರಿಗೆ ಕೊಳವೆಯ ನೀರು ಕುಡಿಸಿದ ಹೆಸರಘಟ್ಟದ ಕೆರೆಯ ನೆರೆಯಲ್ಲಿಯೇ ಇಂದಿಗೂ ದೊಡ್ಡ ಹುಲ್ಲುಗಾವಲು ಉಳಿದಿರುವುದನ್ನು ಮರೆಯಬಾರದು.

ಆ ಹೆಸರಘಟ್ಟದ ಕಥೆಯನ್ನೇ ನೋಡಿರಿ. ಅಲ್ಲಿನ 5,010 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಬೇಕೆಂಬ ಸೂಚನೆಯನ್ನು ರಾಜ್ಯ ವನ್ಯಜೀವಿ ಮಂಡಳಿಯು 2021ರ ಜನವರಿಯಲ್ಲಿ ಕೈಬಿಟ್ಟಿತು. ನಾಗರಿಕರು ನ್ಯಾಯಾಲಯದ ಬಾಗಿಲು ತಟ್ಟಿದರು. 2024ರಲ್ಲಿ ಸಚಿವ ಸಂಪುಟವು ಸುಮಾರು 5,678 ಎಕರೆಗೆ ಒಪ್ಪಿಗೆ ನೀಡಿತು. ಇದು ಹರ್ಷದ ಸಂಗತಿ. ಆದರೆ ಪಕ್ಷಿಗಳನ್ನು ಕಾಯುವ ಭರದಲ್ಲಿ ದನಗಾಹಿಯನ್ನು ಕಳ್ಳನೆಂದು ಹೊರದೂಡಿದರೆ ಗೆದ್ದೂ ಸೋತಂತೆಯೇ. ವನ್ಯಜೀವಿ ಅಧಿನಿಯಮದ 36ಎ ಪ್ರಕರಣವು ಸ್ಥಳೀಯರೊಡನೆ ಸಮಾಲೋಚನೆ ನಡೆಸಬೇಕೆನ್ನುತ್ತದೆ. 36ಬಿ ಪ್ರಕರಣವು ಆಡಳಿತ ಸಮಿತಿಯಲ್ಲಿ ಪ್ರತಿಯೊಂದು ಗ್ರಾಮಪಂಚಾಯತಿಗೂ ಪಶುಸಂಗೋಪನೆ ಇಲಾಖೆಗೂ ಸ್ಥಾನ ಕೊಡುತ್ತದೆ. ಆ ಸ್ಥಾನಗಳು ಖಾಲಿಯಿರಕೂಡದು. ಅಲ್ಲಿ ಕುಳಿತವರ ಬಾಯಿಯೂ ಮುಚ್ಚಿರಕೂಡದು.

1956ರಲ್ಲಿ ನಾಡು ಒಂದಾದಾಗ ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡಗಳೊಡನೆ ಬಿಜಾಪುರದ ಖಿಲಾರಿಯೂ ಬೀದರಿನ ದೇವಣಿಯೂ ಒಂದೇ ಮನೆಗೆ ಸೇರಿದವು. ಪುಷ್ಯಮಾಸದ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯನ್ನು ಕಂಡು ನಮ್ಮ ನಾಡಿನ ತಳಿಯೆಂದು ಎದೆಯುಬ್ಬಿಸುವವರು ಒಂದು ಮಾತನ್ನು ನೆನಪಿಡಲಿ: ತಳಿಯನ್ನು ಕಟ್ಟಿದ್ದು ಬಯಲು. ಬಯಲು ಹೋದ ಮೇಲೆ ತಳಿಯು ಅಂಚೆಚೀಟಿಯ ಚಿತ್ರವಾಗಿ ಉಳಿದೀತು, ಅಷ್ಟೆ. ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳು ಸಾವಿರಾರು ಎಕರೆಗಳ ಲೆಕ್ಕದಲ್ಲಿ ದೊಡ್ಡ ಸಂಸ್ಥೆಗಳ ಪಾಲಾದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ದೇಶಕ್ಕೆ ವಿಜ್ಞಾನ ಬೇಕು, ನಿಜ. ಆದರೆ ಅದರ ಬೆಲೆಯನ್ನು ಯಾವಾಗಲೂ ಕುರಿಗಾಹಿಯೇ ತೆರಬೇಕೆಂಬುದು ಯಾವ ನ್ಯಾಯ?

ಉಪಾಧ್ಯಾಯ ಮಹನೀಯರಲ್ಲಿಯೂ ಪಟ್ಟಣದ ಮಹಾಜನರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ನಿಮ್ಮ ನಿಮ್ಮ ಊರಿನ ಗ್ರಾಮನಕಾಶೆಯನ್ನು ತೆಗೆಸಿರಿ. ಗೋಮಾಳದ ಸರ್ವೆ ನಂಬರನ್ನು ಗುರುತಿಸಿ ಪಹಣಿಯೊಡನೆ ತಾಳೆ ನೋಡಿರಿ. ಮಕ್ಕಳನ್ನು ಕರೆದೊಯ್ದು ಆ ನೆಲದ ಗಡಿಗಳನ್ನು ತೋರಿಸಿರಿ. ಗ್ರಾಮಸಭೆಯಲ್ಲಿ ಎದ್ದು ನಿಂತು, ಕಡತದಲ್ಲಿರುವ ಎಕರೆಗಳು ನೆಲದ ಮೇಲೆ ಎಲ್ಲಿವೆ ಎಂದು ಕೇಳಿರಿ. ಉತ್ತರ ಬರುವವರೆಗೆ ಕೂರಬೇಡಿರಿ. ಮುಂದಿನ ಸಂಕ್ರಾಂತಿಗೆ ದನಕ್ಕೆ ಹೂಮಾಲೆ ತಪ್ಪಿದರೂ ಚಿಂತೆಯಿಲ್ಲ, ಹುಲ್ಲು ತಪ್ಪಬಾರದು.