ಹಳೇ ಗೇಮ್ ಹರಟೆ – 4: ಮಂಜು ತೆಗೆದ್ರು, ಊರೇ ಚಿಕ್ಕದಾಯ್ತು

ಫ್ರೆಂಡ್ಸ್, ಇವತ್ತು ಸ್ವಲ್ಪ ಸಿಟ್ಟಲ್ಲೇ ಬರೀತಿದ್ದೀನಿ.

ಜಿಟಿಎ ಸ್ಯಾನ್ ಆಂಡ್ರಿಯಾಸ್ ಪ್ಲೇಸ್ಟೇಷನ್ 2ಗೆ ಬಂದಿದ್ದು 2004ರಲ್ಲಿ, ನಾನು ಹುಟ್ಟಿದ ವರ್ಷ. ನಾನು ಆಡಿದ್ದು ಐದನೇ ಕ್ಲಾಸಲ್ಲಿ, ಅಣ್ಣನ ಹಳೇ ಕಂಪ್ಯೂಟರಲ್ಲಿ. ಮೌಂಟ್ ಚಿಲಿಯಾಡ್ ಮೇಲೆ ಬೈಕ್ ನಿಲ್ಲಿಸಿ ನೋಡಿದ್ರೆ ದೂರಕ್ಕೆಲ್ಲಾ ಮಂಜು. ಅದರಾಚೆ ಇನ್ನೂ ಎಷ್ಟು ಊರಿದೆಯೋ ಅನ್ಸೋದು. ನಿಜ ಹೇಳ್ಬೇಕಂದ್ರೆ ಆ ಕಾಲದ ಮೆಷಿನ್‌ಗೆ ಅಷ್ಟು ದೂರ ತೋರಿಸೋ ತಾಕತ್ತು ಇರ್ಲಿಲ್ಲ. ಆ ಕೊರತೆಯಿಂದಲೇ ಆಟ ದೊಡ್ಡದಾಗಿ ಕಾಣ್ತಿತ್ತು.

2021ರ ಡೆಫಿನಿಟಿವ್ ಎಡಿಷನ್ ಬಂದಾಗ ಆ ಮಂಜು ಮಾಯ. ಬೆಟ್ಟದ ಮೇಲಿಂದ ಇಡೀ ಮ್ಯಾಪ್ ಆಟಿಕೆ ಥರ ಕಾಣ್ತು. ಜೊತೆಗೆ ಹಳೇ ಗೇಮನ್ನೂ ಆನ್‌ಲೈನ್ ಸ್ಟೋರ್‌ಗಳಿಂದ ತೆಗೆದಿದ್ರು! ಫ್ಯಾನ್ಸ್ ಗಲಾಟೆ ಮಾಡಿದ ಮೇಲೆ ರಾಕ್‌ಸ್ಟಾರ್ ಕ್ಷಮೆ ಕೇಳಿ, ಪಿಸಿಯವರಿಗೆ ಹಳೇದನ್ನ ವಾಪಸ್ ಕೊಡ್ತು.

ರೆಸಿಡೆಂಟ್ ಈವಿಲ್ 2 ನೋಡಿ. 1998ರ ಆಟವನ್ನ 2019ರಲ್ಲಿ ಪೂರ್ತಿ ಹೊಸದಾಗಿ ಕಟ್ಟಿದ್ರು. ಕ್ಯಾಮೆರಾನೇ ಬೇರೆ. ಆದ್ರೂ ಅದೇ ಪೊಲೀಸ್ ಸ್ಟೇಷನ್, ಅದೇ ಕಮ್ಮಿ ಗುಂಡು, ಅದೇ ಎದೆ ಡವಡವ. ಭಯ ಎಲ್ಲಿಂದ ಹುಟ್ತಿತ್ತು ಅಂತ ಅವರಿಗೆ ಗೊತ್ತಿತ್ತು.

ನನ್ನ ಅಭಿಪ್ರಾಯ ಇಷ್ಟೇ: ಏನು ಬೇಕಾದ್ರೂ ಬದಲಾಯಿಸಿ, ಹಳೇದನ್ನ ಮಾತ್ರ ಮಾರೋದು ನಿಲ್ಲಿಸ್ಬೇಡಿ. ಅಣ್ಣನ ಕಂಪ್ಯೂಟರ್ ಹೋದ ವರ್ಷ ಗುಜರಿಗೆ ಹೋಯ್ತು, ನನ್ನ ಸೇವ್ ಫೈಲೂ ಅದರ ಜೊತೆಗೇ. ಆ ಮಂಜನ್ನ ಮತ್ತೆ ನೋಡೋಕೆ ದುಡ್ಡು ಕೊಡೋಕೂ ರೆಡಿ ಇದ್ದೀನಿ ಗುರು!

ನಿಮ್ಮ ಪ್ರಕಾರ ಯಾವ ಗೇಮ್ ಮುಟ್ಟಲೇಬಾರದು? ಕಾಮೆಂಟಲ್ಲಿ ಹೇಳಿ.

#ಹಳೇಗೇಮ್ಹರಟೆ #ಸ್ಯಾನ್ಆಂಡ್ರಿಯಾಸ್