ತ್ಯಾಜ್ಯ ತೈಲದಿಂದ ಜೈವಿಕ ಮಾರ್ಜಕ: ಮೊದಲು ಸಂಗ್ರಹಣೆ, ಅನಂತರ ಕಾರ್ಖಾನೆ

ಮಾರ್ಜಕ ಪುಡಿ, ಪಾತ್ರೆ ತೊಳೆಯುವ ದ್ರಾವಣ ಮುಂತಾದವನ್ನು ತಯಾರಿಸುವ ಸಣ್ಣ ಘಟಕಗಳ ಮುಖ್ಯ ಕಚ್ಚಾ ಸಾಮಗ್ರಿ ಆಸಿಡ್ ಸ್ಲರಿ. ಇದರ ಮೂಲವಸ್ತುವು ಸೀಮೆಎಣ್ಣೆಯಿಂದ ಬೇರ್ಪಡಿಸಿದ ಪ್ಯಾರಾಫಿನ್ ಮತ್ತು ಬೆಂಜೀನ್‌ಗಳಿಂದ ಸಿದ್ಧವಾಗುತ್ತದೆ. ಆದ್ದರಿಂದ ಕಚ್ಚಾ ತೈಲದ ದರ ಏರಿದಾಗಲೆಲ್ಲ ಈ ಘಟಕಗಳ ಲೆಕ್ಕಾಚಾರ ತಲೆಕೆಳಗಾಗುತ್ತದೆ. ದೊಡ್ಡ ಕಂಪನಿಗಳು ಮುಂಗಡ ಖರೀದಿಯ ಮೂಲಕ ಈ ಹೊಡೆತವನ್ನು ತಾಳಿಕೊಳ್ಳಬಲ್ಲವು. ಡ್ರಮ್ಮುಗಳ ಲೆಕ್ಕದಲ್ಲಿ ಕೊಳ್ಳುವ ಸಣ್ಣ ತಯಾರಕರಿಗೆ ಆ ಅನುಕೂಲವಿಲ್ಲ. ಹೀಗಿರುವಾಗ, ಕರಿದು ಉಳಿದ ಎಣ್ಣೆಯಿಂದಲೂ ಎಣ್ಣೆ ಶುದ್ಧೀಕರಣದ ಕಸರಿನಿಂದಲೂ ಸರ್ಫ್ಯಾಕ್ಟೆಂಟ್, ಅಂದರೆ ಜಿಡ್ಡನ್ನು ನೀರಿನೊಡನೆ ಬೆರೆಸಿ ತೆಗೆಯುವ ವಸ್ತು, ತಯಾರಿಸಬಹುದೆಂಬ ಸುದ್ದಿ ಉದ್ಯಮಿಗಳ ಗಮನ ಸೆಳೆದಿರುವುದು ಸಹಜ.

ಸುದ್ದಿಯಲ್ಲಿ ಹುರುಳಿಲ್ಲದಿಲ್ಲ. ಸ್ಟಾರ್ಮರೆಲ್ಲಾ ಬಾಂಬಿಕೋಲಾ ಎಂಬ ಯೀಸ್ಟ್ ಸಕ್ಕರೆ ಮತ್ತು ಎಣ್ಣೆಯನ್ನು ತಿಂದು ಸೊಫೊರೊಲಿಪಿಡ್ ಎಂಬ ಸರ್ಫ್ಯಾಕ್ಟೆಂಟನ್ನು ಉತ್ಪಾದಿಸುತ್ತದೆ. ಪ್ರಯೋಗಾಲಯಗಳಲ್ಲಿ ಲೀಟರಿಗೆ 300 ಗ್ರಾಂ ಮೀರಿದ ಇಳುವರಿ ದೊರೆತಿದೆ. ಜಪಾನಿನ ಸರಾಯಾ ಕಂಪನಿಯು ಇದನ್ನು ಪಾತ್ರೆ ತೊಳೆಯುವ ಮಾರ್ಜಕದಲ್ಲಿ ಬಳಸಿ ಎರಡು ದಶಕಗಳೇ ಕಳೆದಿವೆ. ಇಂತಹ ವಸ್ತುಗಳು ಸುಲಭವಾಗಿ ಜೈವಿಕ ವಿಘಟನೆಗೊಳ್ಳುತ್ತವೆ, ಚರ್ಮಕ್ಕೂ ಸೌಮ್ಯ.

ಆದರೆ ತ್ಯಾಜ್ಯವೆಂದರೆ ಪುಕ್ಕಟೆ ಸರಕು ಎಂಬ ಭಾವನೆಯೇ ಈ ಯೋಜನೆಗಳ ಮೊದಲ ತಪ್ಪು. ಜರ್ಮನಿಯ ಇವೋನಿಕ್ ಕಂಪನಿ 2024ರಲ್ಲಿ ಸ್ಲೊವಾಕಿಯಾದಲ್ಲಿ ತೆರೆದ ರ‍್ಯಾಮ್ನೊಲಿಪಿಡ್ ಕಾರ್ಖಾನೆಯ ಕಚ್ಚಾ ಸಾಮಗ್ರಿ ತ್ಯಾಜ್ಯವಲ್ಲ, ಮೆಕ್ಕೆಜೋಳದ ಸಕ್ಕರೆ. ನೂರಾರು ಕೋಟಿ ರೂಪಾಯಿ ಹೂಡಿದವರೇ ಒಂದೇ ಗುಣಮಟ್ಟದ ಸರಕನ್ನು ಆಯ್ದುಕೊಂಡಿದ್ದಾರೆಂಬುದು ಗಮನಾರ್ಹ. ಇತ್ತ ಕಾಕಂಬಿಯನ್ನು ಎಥನಾಲ್ ಘಟಕಗಳು ಕೊಳ್ಳುತ್ತವೆ. ಕರಿದ ಎಣ್ಣೆಯನ್ನು ಜೈವಿಕ ಡೀಸೆಲ್ ತಯಾರಕರು ಬೆಲೆ ಕೊಟ್ಟು ಒಯ್ಯುತ್ತಾರೆ. ಶುದ್ಧೀಕರಣ ಘಟಕಗಳ ಆಸಿಡ್ ಆಯಿಲ್ ಸಾಬೂನು ತಯಾರಕರಿಗೆ ಹೋಗುತ್ತದೆ. ಬೇಡಿಕೆ ಹುಟ್ಟಿದ ದಿನವೇ ತ್ಯಾಜ್ಯಕ್ಕೆ ದರ ಹುಟ್ಟುತ್ತದೆ.

ಎರಡನೆಯ ತೊಡಕು ಗುಣಮಟ್ಟದ್ದು. ಒಂದು ಹೋಟೆಲಿನ ಎಣ್ಣೆಯಲ್ಲಿ ನೀರು ಹೆಚ್ಚು, ಇನ್ನೊಂದರಲ್ಲಿ ಆಮ್ಲಾಂಶ ಹೆಚ್ಚು. ಯೀಸ್ಟಿಗೆ ಆಹಾರ ಬದಲಾದರೆ ಇಳುವರಿಯೂ ಬಣ್ಣವೂ ಬದಲಾಗುತ್ತವೆ. ಹುದುಗಿಸುವ ತೊಟ್ಟಿಗೆ ಕ್ರಿಮಿಶುದ್ಧಿ, ನಿರಂತರ ಗಾಳಿ, ತಾಪ ನಿಯಂತ್ರಣ ಬೇಕು. ವಿದ್ಯುತ್ ಕೆಲವು ಗಂಟೆ ಕೈಕೊಟ್ಟರೆ ಇಡೀ ತೊಟ್ಟಿಯ ಮಾಲು ಹಾಳಾದೀತು. ಮಿಶ್ರಣ ಮತ್ತು ಪ್ಯಾಕಿಂಗ್ ಮಾತ್ರ ಬಲ್ಲ ಘಟಕವೊಂದು ಸಾಲ ಮಾಡಿ ನೇರವಾಗಿ ಇದಕ್ಕೆ ಇಳಿಯುವುದು ವಿವೇಕವಲ್ಲ.

ಆದ್ದರಿಂದ ಕ್ರಮವನ್ನು ತಿರುವಿಹಾಕಬೇಕಾಗಿದೆ. ಮೊದಲ ಹೆಜ್ಜೆ ಸಂಗ್ರಹಣೆ ಮತ್ತು ವರ್ಗೀಕರಣ. ಒಟ್ಟು ಧ್ರುವೀಯ ಸಂಯುಕ್ತಗಳು ಶೇ. 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ದಾಖಲೆ ಇಡಬೇಕೆಂದು 2019ರಲ್ಲಿ ಆದೇಶವಾಯಿತು. ಅಂದರೆ ಸರಕು ಎಲ್ಲಿದೆ, ಎಷ್ಟಿದೆ ಎಂಬ ಲೆಕ್ಕ ಹೋಟೆಲು ಮತ್ತು ಕುರುಕಲು ತಿಂಡಿ ತಯಾರಕರ ಬಳಿಯೇ ಇರಬೇಕು. ಇವರೊಡನೆ ವಾಣಿಜ್ಯ ಮಂಡಳಿಗಳು ಸಾಮೂಹಿಕ ಒಪ್ಪಂದ ಮಾಡಿಕೊಂಡು, ಆಮ್ಲಾಂಶ ಮತ್ತು ತೇವಾಂಶದ ಪರೀಕ್ಷೆಗೆ ಒಂದು ಸಾಮಾನ್ಯ ಸೌಲಭ್ಯ ಕೇಂದ್ರವನ್ನು ಏರ್ಪಡಿಸಬಹುದು. ಇಂತಹ ಕೇಂದ್ರಗಳಿಗೆ ಕೇಂದ್ರ ಸರಕಾರದ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ ಅವಕಾಶವಿದೆ. ವರ್ಗೀಕರಿಸಿದ ಎಣ್ಣೆಗೆ ಕೊಳ್ಳುವವರು ಇಂದೇ ಇರುವುದರಿಂದ ಈ ಹೂಡಿಕೆ ವ್ಯರ್ಥವಾಗುವ ಭಯ ಕಡಿಮೆ.

ಎರಡನೆಯ ಹೆಜ್ಜೆ, ಸಿದ್ಧ ಜೈವಿಕ ಸರ್ಫ್ಯಾಕ್ಟೆಂಟನ್ನು ಕೊಂಡು ದ್ರವ ಮಾರ್ಜಕಗಳಲ್ಲಿ ಸ್ವಲ್ಪ ಪ್ರಮಾಣದಲ್ಲಿ ಬೆರೆಸಿ, ಆಸ್ಪತ್ರೆ ಮತ್ತು ಹೋಟೆಲುಗಳಂತಹ ಸಗಟು ಗ್ರಾಹಕರಲ್ಲಿ ಪರೀಕ್ಷಿಸುವುದು. ಸೊಫೊರೊಲಿಪಿಡ್ ನೊರೆ ಕೊಡುವುದು ಕಡಿಮೆ. ನೊರೆಯೇ ಶುಭ್ರತೆ ಎಂದು ನಂಬಿದ ಮನೆಬಳಕೆದಾರರಿಗೆ ಅದು ಹಿಡಿಸುವುದು ನಿಧಾನ. ಆದರೆ 2015ರ ನಂತರ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು ಕಂಡ ಬೆಂಗಳೂರಿನಲ್ಲಿ ಕಡಿಮೆ ನೊರೆಯನ್ನೇ ಗುಣವೆಂದು ಹೇಳಿ ಮಾರಲು ಅವಕಾಶವಿದೆ. ಈ ಹೆಜ್ಜೆಗಳು ಗಟ್ಟಿಯಾದ ಮೇಲೆ, ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಂತಹ ಸಂಸ್ಥೆಗಳ ನೆರವಿನಿಂದ ಸಾಮೂಹಿಕ ಹುದುಗು ಘಟಕದ ಯೋಚನೆ ಸೂಕ್ತ.

ಒಂದು ಎಚ್ಚರಿಕೆ ಅಗತ್ಯ. ಪರಿಸರಸ್ನೇಹಿ ಎಂಬ ಘೋಷಣೆಗೆ ಆಧಾರವಿರಬೇಕೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹಸಿರು ಎಲೆಯ ಚಿತ್ರ ಅಚ್ಚು ಹಾಕಿಸುವುದಕ್ಕೆ ಮುನ್ನ ಪರೀಕ್ಷಾ ವರದಿ ಕೈಯಲ್ಲಿರಲಿ.

ತಂತ್ರಜ್ಞಾನವನ್ನು ನಾಳೆಯೂ ಕೊಳ್ಳಬಹುದು. ಊರಿನ ತ್ಯಾಜ್ಯ ತೈಲವೆಲ್ಲ ದೀರ್ಘಾವಧಿ ಒಪ್ಪಂದಗಳ ಮೂಲಕ ದೊಡ್ಡ ಸಂಗ್ರಾಹಕರ ಕೈಸೇರಿದ ಮೇಲೆ ಸಣ್ಣ ಉದ್ಯಮಿಗೆ ಅದು ಹಿಂದಿರುಗಿ ಸಿಗುವುದು ಅವರು ಹೇಳಿದ ದರಕ್ಕೇ.