ಒಂದೇ ಒಲೆ, ಎರಡು ಕಾಗದ

ಮೈಸೂರಿನಿಂದ ಕುಶಾಲನಗರದ ಬಸ್ಸು ಹತ್ತಿದರೆ ಬೈಲಕುಪ್ಪೆ ಸುಮಾರು 80 ಕಿಲೋಮೀಟರು. ಮನೆಗೆ ನೆಂಟರು ಬಂದಾಗಲೆಲ್ಲ ನಾವು ಅವರನ್ನು ಅಲ್ಲಿನ ಚಿನ್ನದ ಬುದ್ಧನ ಮುಂದೆ ನಿಲ್ಲಿಸಿ, ಫೋಟೋ ತೆಗೆದು, ಒಂದು ಪ್ಲೇಟ್ ಮೊಮೊ ತಿನ್ನಿಸಿ, ಹಾಗೇ ನಿಸರ್ಗಧಾಮಕ್ಕೆ ಕರೆದುಕೊಂಡು ಹೋಗಿಬಿಡುತ್ತೇವೆ. ಗುಡಿಯ ಆಚೆಗಿನ ಹೊಲ, ಮನೆಗಳ ಕಡೆ ತಲೆ ತಿರುಗಿಸುವವರು ಕಡಿಮೆ. ನಾನೂ ತಿರುಗಿಸಿರಲಿಲ್ಲ, ಹೋದ ತಿಂಗಳು ಹುಣಸೂರಿನಲ್ಲಿ ಆ ಅಜ್ಜಿ ನನ್ನ ಪಕ್ಕ ಬಂದು ಕೂರುವವರೆಗೆ.

ಉದ್ದನೆಯ ಚುಬಾ, ಸೊಂಟಕ್ಕೆ ಪಟ್ಟೆಪಟ್ಟೆಯ ವಸ್ತ್ರ, ಕೈಯಲ್ಲಿ ಜಪಮಾಲೆ, ಕಾಲಬುಡದಲ್ಲಿ ಸೊಪ್ಪಿನ ಚೀಲ. ಕನ್ನಡ ಮಾತ್ರ ಅಪ್ಪಟ ಪಿರಿಯಾಪಟ್ಟಣದ್ದು.

“ನಾನು ಬಂದಾಗ ಆರು ವರ್ಷ ಕಣಮ್ಮ. ಬರೀ ಕಾಡು. ರಾತ್ರಿಯಾದ್ರೆ ಆನೆ.”

ದಲೈ ಲಾಮಾ ಭಾರತಕ್ಕೆ ಬಂದದ್ದು 1959ರಲ್ಲಿ. ಅವರ ಹಿಂದೆ ಬಂದ ಜನರಿಗಾಗಿ ಆಗಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ನೆಲವನ್ನು ಗುತ್ತಿಗೆಗೆ ಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿಳಿಯಿತು. ಹಿಮದ ನಾಡಿನಲ್ಲಿ ಕುರಿ, ಯಾಕ್ ಮೇಯಿಸಿಕೊಂಡಿದ್ದವರು ನಮ್ಮ ಬಿಸಿಲಿನಲ್ಲಿ ಮರ ಕಡಿದು, ಬೇರು ಕಿತ್ತು, ಸುಟ್ಟು, ಹೊಲ ಮಾಡಿದರು. ಮೊದಮೊದಲು ಎಲ್ಲರದೂ ಒಟ್ಟು ದುಡಿಮೆ. ಅಪ್ಪ ಅಮ್ಮ ಕಾಡಿಗೆ, ಮಕ್ಕಳು ಗುಡಾರದಲ್ಲಿ ಮುದುಕರ ವಶಕ್ಕೆ. ಅಜ್ಜಿಯ ತಮ್ಮ ಆ ಗುಡಾರದಲ್ಲೇ ಜ್ವರ ಬಂದು ಹೋದನಂತೆ. ಅದನ್ನು ಹೇಳುವಾಗ ಜಪಮಾಲೆ ನಿಲ್ಲಲಿಲ್ಲ.

ಆಮೇಲೆ ನೆಲ ಹಂಚಿಕೆಯಾಯಿತು, ತಲೆಗೆ ಸುಮಾರು ಒಂದು ಎಕರೆ. ಮುಸುಕಿನ ಜೋಳ ಬಂತು, ಸಹಕಾರ ಸಂಘ ಬಂತು, ಟ್ರ್ಯಾಕ್ಟರು ಬಂತು, ಶಾಲೆ ಬಂತು. (ಇಂದು ಸ್ವಸಹಾಯ ಸಂಘಗಳ ಮಾತು ಬಂದರೆ ನೆನಪಾಗುವ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೆಟನ್ನರ ಪುನರ್ವಸತಿಗೆಂದು. ನಮಗೆಷ್ಟು ಜನಕ್ಕೆ ಗೊತ್ತು?) ಸಂಸಾರ ಬೆಳೆಯಿತು, ನೆಲ ಬೆಳೆಯಲಿಲ್ಲ. ಚಳಿಗಾಲ ಬಂದರೆ ಗಂಡ ಹೆಂಡತಿ ದೂರದ ಊರುಗಳಿಗೆ ಸ್ವೆಟರು ಮಾರಲು ಹೊರಟರು. ಮಕ್ಕಳು ಮತ್ತೆ ಮುದುಕರ ವಶಕ್ಕೆ.

ಅಜ್ಜಿಗೆ ಇಬ್ಬರು ಮಕ್ಕಳು. ಮಗ 1984ರಲ್ಲಿ, ಮಗಳು 1989ರಲ್ಲಿ ಹುಟ್ಟಿದ್ದು, ಒಂದೇ ಮನೆಯಲ್ಲಿ. ಆದರೆ ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಭಾರತೀಯ. ಆಮೇಲೆ ಹುಟ್ಟಿದವಳಿಗೆ ತಾಯಿ ತಂದೆಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಅಣ್ಣ ಪ್ರಜೆ, ತಂಗಿ ನಿರಾಶ್ರಿತೆ! ಒಂದೇ ತಟ್ಟೆಯಲ್ಲಿ ಉಂಡವರು. ಇದನ್ನು 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಟಿಬೆಟನ್ನರ ವಿಷಯದಲ್ಲೂ ಎತ್ತಿಹಿಡಿದವು. ಆದರೆ 2017ರಲ್ಲಿ ಪಾಸ್‌ಪೋರ್ಟು ಕೊಡಲು ಒಪ್ಪಿದ ಸರ್ಕಾರ, ನಿರಾಶ್ರಿತರ ನೋಂದಣಿ ಪತ್ರ ಒಪ್ಪಿಸಬೇಕು, ಟಿಬೆಟನ್ ವಸತಿಯಲ್ಲಿ ಇರಕೂಡದು ಎಂದು ಷರತ್ತು ಹಾಕಿತು.

“ಮಗ ಏನು ಮಾಡಿದರು?” ಎಂದೆ.

“ಅರ್ಜಿನೇ ಹಾಕ್ಲಿಲ್ಲ. ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ಅಂದ. ಜೋಳ ಯಾರು ಬಿತ್ತೋರು? ಮಗಳು ಹಳದಿ ಪುಸ್ತಕ ಇಟ್ಕೊಂಡು ಫ್ರಾನ್ಸಿಗೆ ಹೋದ್ಳು. ಅಲ್ಲೇ ಮದ್ವೆ. ಮೊಮ್ಮಗು ಫೋನಲ್ಲಿ ನಗ್ತದೆ.” ಹಳದಿ ಪುಸ್ತಕವೆಂದರೆ ನಿರಾಶ್ರಿತರಿಗೆ ಪಾಸ್‌ಪೋರ್ಟಿನ ಬದಲು ಕೊಡುವ ಗುರುತಿನ ಪುಸ್ತಿಕೆ. ಹೋಗಲು ಹಕ್ಕಿದ್ದವನು ಉಳಿದ, ಹಕ್ಕಿಲ್ಲದವಳು ಹೋದಳು. ಅವರ ಓಣಿಯಲ್ಲಿ ಈಗ ಹಲವು ಮನೆಗಳಲ್ಲಿ ಮುದುಕರಷ್ಟೇ ಇದ್ದಾರಂತೆ.

ನನ್ನ ಮಗನೂ ಅಮೆರಿಕದಲ್ಲೇ ಇದ್ದಾನೆ ಎಂದು ಹೇಳಲು ಬಾಯಿ ತೆರೆದೆ. ಯಾಕೋ ಹೇಳಲಿಲ್ಲ. ಅವನು ಬೇಕೆಂದಾಗ ಬಂದು, ಸರಸ್ವತಿಪುರಂ ಮನೆಯ ಬೀಗ ತೆಗೆಯಬಲ್ಲ.

ಬೈಲಕುಪ್ಪೆ ಬಂತು. ಅಜ್ಜಿ ಚೀಲದಿಂದ ಒಂದು ಕಟ್ಟು ದಂಟಿನ ಸೊಪ್ಪು ತೆಗೆದು ಸೀಟಿನ ಮೇಲಿಟ್ಟರು. “ಸಾರು ಮಾಡ್ಕೊಳಮ್ಮ.” ಬೇಡ ಎನ್ನುವಷ್ಟರಲ್ಲಿ ಅವರು ಇಳಿದಾಗಿತ್ತು, ಕಂಡಕ್ಟರು ರೈಟ್ ಅಂದಾಗಿತ್ತು.